ಜಪಾನೀ ಭಾಷೆಯ ವ್ಯಾಸಂಗ



ನಮ್ಮ ಮನೆಯ ತರುಣನೊಬ್ಬನು ತಾನು ವಿಶ್ವವಿದ್ಯಾನಿಲಯದಲ್ಲಿ ಜಪಾನೀ ಭಾಷೆಯನ್ನೂ ಆ ಜನರ ಸಾಹಿತ್ಯ ಸಂಸ್ಕೃತಿಗಳನ್ನೂ ಓದಿ ಪದವಿಯನ್ನು ಪಡೆಯುತ್ತೇನೆಂದು ಹೇಳಿದರೆ, ಹಿರಿಯರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುವರು. ಅದರಿಂದ ಅನ್ನ ಹುಟ್ಟುವುದೇ ಎಂಬುದು ಮೊದಲನೆಯದು. ಜಪಾನಿನ ಉತ್ತಮ ಗ್ರಂಥಗಳೆಲ್ಲವೂ ಇಂಗ್ಲಿಷಿನಲ್ಲಿ ದೊರೆಯುತ್ತಿರುವಾಗ ಆ ಕಠಿನವಾದ ಲಿಪಿಯೊಡನೆ ವರ್ಷಗಟ್ಟಲೆ ಹೆಣಗುವುದೇತಕ್ಕೆ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಉತ್ತರವು ಸುಲಭ. ಬಿಡದಿಯಲ್ಲಿ ಜಪಾನೀ ಸಹಭಾಗಿತ್ವದ ಮೋಟಾರು ಕಾರ್ಖಾನೆಯ ಸಂಸ್ಥೆಯು ೧೯೯೭ರಲ್ಲಿ ಸ್ಥಾಪಿತವಾದಂದಿನಿಂದ ನಮ್ಮ ನಾಡಿನಲ್ಲಿಯೇ ಆ ಭಾಷೆಯನ್ನು ಬಲ್ಲವರಿಗೆ ಕೆಲಸವುಂಟು. ಎರಡನೆಯ ಪ್ರಶ್ನೆಯೇ ವಿಚಾರಮಾಡತಕ್ಕದ್ದು. ಈ ಭಾಷೆಯ ವ್ಯಾಸಂಗದಲ್ಲಿ ಅಡಕವಾಗಿರುವುದೇನು, ಅದು ಕನ್ನಡಿಗನಿಗೆ ಎಷ್ಟುಮಟ್ಟಿಗೆ ಸುಲಭ, ಎಷ್ಟುಮಟ್ಟಿಗೆ ಕಷ್ಟ, ಭಾಷಾಂತರದಿಂದ ದೊರೆಯದ ಯಾವ ಫಲವು ಅದರಿಂದ ದೊರೆಯುವುದು, ಎಂಬ ಈ ವಿಷಯಗಳನ್ನು ತಮ್ಮ ಮುಂದೆ ಇಡಬೇಕೆಂದು ನನ್ನ ಉದ್ದೇಶ.

ಮೊದಲು ಲಿಪಿಯನ್ನು ತೆಗೆದುಕೊಳ್ಳೋಣ. ಜಪಾನೀಯರು ಒಂದೇ ವಾಕ್ಯದಲ್ಲಿ ಮೂರು ಬಗೆಯ ಅಕ್ಷರಗಳನ್ನು ಬೆರೆಸಿ ಬರೆಯುತ್ತಾರೆ. ಹಿರಗನ, ಕತಕನ ಎಂಬ ಎರಡು ನಾದಲಿಪಿಗಳಿವೆ. ಒಂದೊಂದರಲ್ಲಿಯೂ ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು ೪೬. ಇವುಗಳ ಜೊತೆಗೆ ಚೀನಾ ದೇಶದಿಂದ ಬಂದ ಕಂಜಿ ಎಂಬ ಅರ್ಥಲಿಪಿಯುಂಟು. ನಾದಲಿಪಿಗಳನ್ನು ಶ್ರದ್ಧೆಯುಳ್ಳ ವಿದ್ಯಾರ್ಥಿಯು ಒಂದು ತಿಂಗಳೊಳಗೆ ಕಲಿಯಬಹುದು. ಅದರಲ್ಲಿಯೂ ಕನ್ನಡಿಗನಿಗೆ ಅವು ಅಪರಿಚಿತವೆಂದು ತೋರಲಾರವು. ಜಪಾನಿನ ಮಕ್ಕಳು ತಮ್ಮ ಅಕ್ಷರಗಳನ್ನು ಒಪ್ಪಿಸುವ ಕ್ರಮವನ್ನು ಕೇಳಿರಿ: ಅ, ಇ, ಉ, ಎ, ಒ, ಬಳಿಕ ಕ ಕಾರದ ಸಾಲು, ಸ ಕಾರದ ಸಾಲು, ತ, ನ, ಹ, ಮ, ಯ, ರ, ವ. ಇದು ನಮ್ಮ ವರ್ಣಮಾಲೆಯ ಕ್ರಮವೇ ಅಲ್ಲವೆ? ಬೌದ್ಧ ಭಿಕ್ಷುಗಳು ಮಂತ್ರಗಳನ್ನು ಓದುವುದಕ್ಕಾಗಿ ಸಿದ್ಧಮಾತೃಕಾ ಲಿಪಿಯನ್ನೂ ಸಂಸ್ಕೃತದ ಶಿಕ್ಷಾಶಾಸ್ತ್ರವನ್ನೂ ಅಭ್ಯಾಸ ಮಾಡುತ್ತಿದ್ದರು. ಅದರ ಪ್ರಭಾವದಿಂದ ಈ ಕ್ರಮವು ಅಲ್ಲಿ ನೆಲೆಗೊಂಡಿತು. ಕೂಕಾಯ್ ಎಂಬ ಪ್ರಸಿದ್ಧ ಆಚಾರ್ಯನು ೮೦೪ರಲ್ಲಿ ಚೀನಾಕ್ಕೆ ಹೋಗಿ, ಅಲ್ಲಿ ಸಂಸ್ಕೃತವನ್ನು ಕಲಿತು, ೮೦೬ರಲ್ಲಿ ಗ್ರಂಥಗಳೊಡನೆ ಹಿಂದಿರುಗಿದನು.

ಇಲ್ಲಿ ಒಂದು ಸಂದೇಹ ಹುಟ್ಟಬಹುದು. ಚವರ್ಗವಿರಬೇಕಾದ ಎಡೆಯಲ್ಲಿ ಸಕಾರವೂ, ಪವರ್ಗವಿರಬೇಕಾದ ಎಡೆಯಲ್ಲಿ ಹಕಾರವೂ ಬಂದಿರುವುದೇಕೆ? ಭಾಷಾಶಾಸ್ತ್ರಜ್ಞರು ಹೇಳುವಂತೆ, ಇಂದಿನ ಸಕಾರವು ಪೂರ್ವದಲ್ಲಿ ಚಕಾರಕ್ಕೆ ಸಮೀಪವಾದ ಉಚ್ಚಾರಣೆಯುಳ್ಳದ್ದಾಗಿತ್ತು. ಇಂದಿನ ಹಕಾರವು ಪೂರ್ವದಲ್ಲಿ ಪಕಾರವಾಗಿತ್ತು. ಹೂವಿಗೆ ಇಂದು ‘ಹನ’ ಎನ್ನುವ ಜಪಾನೀಯರ ಪೂರ್ವಿಕರು ‘ಪನ’ ಎನ್ನುತ್ತಿದ್ದರು. ‘ಪೂ’ ಎಂಬುದು ‘ಹೂ’ ಆದುದನ್ನೂ, ‘ಪಾಲ್’ ಎಂಬುದು ‘ಹಾಲು’ ಆದುದನ್ನೂ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಜಿಯ ವಿಷಯವು ಬೇರೆ. ಜಪಾನ್ ಸರಕಾರವು ಸಾಮಾನ್ಯ ವ್ಯವಹಾರಕ್ಕೆಂದು ೧೯೪೬ರಲ್ಲಿ ೧,೮೫೦ ಚಿಹ್ನೆಗಳ ಪಟ್ಟಿಯನ್ನು ಮಾಡಿತು. ೧೯೮೧ರಲ್ಲಿ ಅದು ೧,೯೪೫ ಆಯಿತು. ೨೦೧೦ರ ಪರಿಷ್ಕರಣದಲ್ಲಿ ೨,೧೩೬ಕ್ಕೆ ಏರಿತು. ಅಲ್ಲಿಯ ಮಕ್ಕಳು ಪ್ರಾಥಮಿಕ ಶಾಲೆಯ ಆರು ವರ್ಷಗಳಲ್ಲಿ ೧,೦೨೬ ಚಿಹ್ನೆಗಳನ್ನು ಕಲಿಯುತ್ತಾರೆ. ಸಂಖ್ಯೆಯೊಂದೇ ಕಷ್ಟಕ್ಕೆ ಕಾರಣವಲ್ಲ. ಒಂದೇ ಚಿಹ್ನೆಗೆ ಹಲವು ವಾಚನಗಳಿರುವುದೇ ನಿಜವಾದ ತೊಡಕು. ಇದನ್ನು ನಮ್ಮ ಅಂಕಿಗಳ ಉದಾಹರಣೆಯಿಂದ ತಿಳಿಯಬಹುದು. ‘೨’ ಎಂಬ ಅಂಕಿಯನ್ನು ಕಂಡರೆ ನಾವು ‘ಎರಡು’ ಎಂದು ಓದುತ್ತೇವೆ. ‘೨ನೆಯ’ ಎಂಬಲ್ಲಿ ಸಂದರ್ಭಾನುಸಾರವಾಗಿ ‘ದ್ವಿತೀಯ’ ಎಂದೂ ಓದುವವರುಂಟು. ಚಿಹ್ನೆಯು ಒಂದೇ, ಅರ್ಥವೂ ಒಂದೇ; ನಾದವು ಮಾತ್ರ ಒಮ್ಮೆ ದೇಶ್ಯ, ಒಮ್ಮೆ ಸಂಸ್ಕೃತ. ಇದೇ ರೀತಿಯಲ್ಲಿ ನಾವು ‘ನೀರು’ ಎಂಬುದಕ್ಕೂ ‘ಜಲ’ ಎಂಬುದಕ್ಕೂ ಒಂದೇ ಚಿಹ್ನೆಯನ್ನು ಬರೆದು, ‘ನೀರು ಕುಡಿ’ ಎಂಬಲ್ಲಿ ಒಂದು ವಿಧವಾಗಿಯೂ ‘ಜಲಾಶಯ’ ಎಂಬಲ್ಲಿ ಇನ್ನೊಂದು ವಿಧವಾಗಿಯೂ ಓದುತ್ತಿದ್ದೆವೆಂದು ಭಾವಿಸಿರಿ. ಜಪಾನೀಯರು ಮಾಡುವುದು ಅದನ್ನೇ. ನೀರಿನ ಚಿಹ್ನೆಯು ಒಂಟಿಯಾಗಿ ನಿಂತಾಗ ‘ಮಿಜು’ ಎಂಬ ದೇಶ್ಯಪದ. ಸಮಾಸದಲ್ಲಿ ಸೇರಿದಾಗ ‘ಸುಯ್’ ಎಂಬ ಚೀನೀ ಮೂಲದ ಪದ.

ಕನ್ನಡ ವ್ಯಾಕರಣವನ್ನು ಓದಿದವನಿಗೆ ಇದರಿಂದ ಒಂದು ದೊಡ್ಡ ಅನುಕೂಲವಿದೆ. ನಮ್ಮ ವೈಯಾಕರಣರು ಶಬ್ದಗಳನ್ನು ದೇಶ್ಯ, ತತ್ಸಮ, ತದ್ಭವ, ಅನ್ಯದೇಶ್ಯವೆಂದು ವಿಂಗಡಿಸಿರುವರಷ್ಟೆ. ಜಪಾನೀಯರೂ ತಮ್ಮ ಶಬ್ದಭಂಡಾರವನ್ನು ಸ್ವದೇಶೀ ಪದ, ಚೀನೀ ಪದ, ಹೊರಗಿನ ಪದ ಎಂದು ವಿಂಗಡಿಸುತ್ತಾರೆ. ನಮಗೆ ಸಂಸ್ಕೃತವು ಹೇಗೋ ಅವರಿಗೆ ಪ್ರಾಚೀನ ಚೀನೀ ಭಾಷೆಯು ಹಾಗೆ. ಮನೆಯ ಮಾತು, ಮಮತೆಯ ಮಾತು ದೇಶ್ಯದಲ್ಲಿ. ಶಾಸ್ತ್ರದ ಮಾತು, ಕಚೇರಿಯ ಮಾತು ಚೀನೀ ಪದಗಳಲ್ಲಿ. ಕತಕನ ಲಿಪಿಯು ಇಂದು ಬಹುಮಟ್ಟಿಗೆ ಅನ್ಯದೇಶ್ಯ ಪದಗಳಿಗೆ ಮೀಸಲಾಗಿದೆ.

ಇನ್ನು ಉಚ್ಚಾರಣೆ. ಇಂಗ್ಲಿಷರಿಗೂ ಅಮೆರಿಕನರಿಗೂ ಜಪಾನೀ ಭಾಷೆಯ ಹ್ರಸ್ವದೀರ್ಘಗಳನ್ನು ಬೇರ್ಪಡಿಸುವುದು ಬಹಳ ಪ್ರಯಾಸ. ‘ಒಬಸನ್’ ಎಂದರೆ ಚಿಕ್ಕಮ್ಮ ಅಥವಾ ಸೋದರತ್ತೆ. ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ಬಂದು. ‘ಕಿತ್ತೆ’ ಎಂದರೆ ಅಂಚೆಯ ಚೀಟಿ. ಒತ್ತಕ್ಷರವನ್ನೂ ದೀರ್ಘವನ್ನೂ ಬಾಲ್ಯದಿಂದ ಬಲ್ಲ ಕನ್ನಡಿಗನ ಕಿವಿಗೆ ಈ ಭೇದಗಳು ತಾವಾಗಿಯೇ ಕೇಳಿಸುತ್ತವೆ. ಅವರ ಛಂದಸ್ಸು ಮಾತ್ರೆಗಳ ಎಣಿಕೆಯನ್ನು ಅವಲಂಬಿಸಿದೆ. ‘ನಿಪ್ಪೊನ್’ ಎಂಬ ದೇಶದ ಹೆಸರಿಗೆ ಅವರು ನಾಲ್ಕು ಘಟಕಗಳನ್ನು ಎಣಿಸುತ್ತಾರೆ. ಎರಡು ಗುರುಗಳಿಗೆ ನಾಲ್ಕು ಮಾತ್ರೆಯೆಂದು ನಾವೂ ಅಷ್ಟನ್ನೇ ಎಣಿಸುತ್ತೇವೆ. ಐದು, ಏಳು, ಐದು ಎಂದು ಹದಿನೇಳು ಘಟಕಗಳಲ್ಲಿ ಮುಗಿಯುವ ಹಾಯ್ಕು ಎಂಬ ಪುಟ್ಟ ಪದ್ಯದ ಲಯವನ್ನು ಹಿಡಿಯುವುದಕ್ಕೆ, ಮಾತ್ರಾಗಣವನ್ನು ಬೆರಳಿನಲ್ಲಿ ಎಣಿಸಿ ಬಲ್ಲವನು ಹೆಚ್ಚಾಗಿ ಶ್ರಮಪಡಬೇಕಾಗಿಲ್ಲ. ನಮಗೆ ಕಷ್ಟವಾಗುವುದು ಸ್ವರದ ಏರಿಳಿತ. ‘ಹಶಿ’ ಎಂಬ ಪದವನ್ನು ಮೊದಲಲ್ಲಿ ಏರಿಸಿ ನುಡಿದರೆ ಊಟದ ಕಡ್ಡಿಗಳೆಂದೂ, ಕೊನೆಯಲ್ಲಿ ಏರಿಸಿದರೆ ಸೇತುವೆಯೆಂದೂ ತೋಕ್ಯೋ ನಗರದವರಿಗೆ ಅರ್ಥವಾಗುತ್ತದೆ.

ವಾಕ್ಯರಚನೆಗೆ ಬಂದರೆ ಸಾದೃಶ್ಯವು ಇನ್ನೂ ಆಶ್ಚರ್ಯಕರವಾಗಿದೆ. ‘ವತಶಿ ವ ಹೊನ್ ಒ ಯೊಮು’ ಎಂಬುದನ್ನು ಪದಕ್ಕೆ ಪದವಿಟ್ಟು ‘ನಾನು ಪುಸ್ತಕವನ್ನು ಓದುತ್ತೇನೆ’ ಎಂದು ಹೇಳಬಹುದು. ಕರ್ಮವು ಮೊದಲು, ಕ್ರಿಯಾಪದವು ಕೊನೆಗೆ. ವಿಭಕ್ತಿಯ ಅರ್ಥವನ್ನು ಕೊಡುವ ಪ್ರತ್ಯಯವು ನಾಮಪದದ ಬಳಿಕ. ‘ಕಿನೋ ಕತ್ತ ಹೊನ್’ ಎಂದರೆ ‘ನಿನ್ನೆ ಕೊಂಡ ಪುಸ್ತಕ’. ಈ ಮೂರು ಪದಗಳನ್ನು ವಿವರಿಸುವುದಕ್ಕೆ ಇಂಗ್ಲಿಷಿನ ಪಠ್ಯಪುಸ್ತಕಗಳು ಒಂದು ಅಧ್ಯಾಯವನ್ನೇ ಮೀಸಲಿಡುತ್ತವೆ. ಆ ಭಾಷೆಯಲ್ಲಿ ಇಂಥ ವಿಶೇಷಣವಾಕ್ಯವು ನಾಮಪದದ ಬಳಿಕ ಬರಬೇಕಾಗಿರುವುದೇ ಇದಕ್ಕೆ ಕಾರಣ. ‘ತಬೆತೆ ಮಿರು’ ಎಂಬಲ್ಲಿ ‘ತಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು. ಎರಡೂ ಸೇರಿದರೆ ನಮ್ಮ ‘ತಿಂದು ನೋಡು’ ಎಂಬ ಅರ್ಥವೇ ಬರುತ್ತದೆ. ಕಣ್ಣಿನಿಂದ ನೋಡುವ ಮಾತು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ‘ತಿಂದುಬಿಡು’, ‘ಮಾಡಿಡು’ ಮುಂತಾದ ಪ್ರಯೋಗಗಳಿಗೂ ಅಲ್ಲಿ ಸಮಾನವಾದ ರೂಪಗಳುಂಟು. ‘ಆನೆಗೆ ಸೊಂಡಿಲು ಉದ್ದ’ ಎಂಬಂಥ, ಎರಡು ಕರ್ತೃಗಳಿರುವಂತೆ ತೋರುವ ವಾಕ್ಯವು ಜಪಾನಿನ ವ್ಯಾಕರಣಜ್ಞರ ಚರ್ಚೆಯಲ್ಲಿ ಪ್ರಸಿದ್ಧವಾದ ಉದಾಹರಣೆ. ನಾವು ಅದನ್ನು ದಿನವೂ ಯೋಚನೆಯಿಲ್ಲದೆ ಆಡುತ್ತೇವೆ. ನಮ್ಮ ಡವಡವ, ಥಳಥಳ ಎಂಬ ಅನುಕರಣಪದಗಳಂತೆ ಅವರಲ್ಲಿ ‘ದೊಕಿದೊಕಿ’, ‘ಕಿರಕಿರ’ ಎಂಬವು ನೂರಾರಿವೆ. ಹತ್ತಿರದ್ದು, ಕೇಳುವವನ ಬಳಿಯದು, ಇಬ್ಬರಿಗೂ ದೂರದ್ದು ಎಂದು ಅವರು ಸರ್ವನಾಮಗಳಲ್ಲಿ ಮೂರು ಭೇದಗಳನ್ನು ಮಾಡುತ್ತಾರೆ. ಹಳಗನ್ನಡದಲ್ಲಿಯೂ ‘ಇದು’, ‘ಅದು’ ಎಂಬವುಗಳ ನಡುವೆ ‘ಉದು’ ಎಂಬುದೊಂದು ಇದ್ದುದನ್ನು ಬಲ್ಲವರು ಬಲ್ಲರು.

ಇಷ್ಟನ್ನು ಕೇಳಿದವರು ಎರಡು ಭಾಷೆಗಳೂ ಒಂದೇ ಕುಲದವೆಂದು ತೀರ್ಮಾನಿಸುವ ಸಂಭವವುಂಟು. ಜಪಾನಿನ ವಿದ್ವಾಂಸರಾದ ಸುಸುಮು ಓನೋ ಎಂಬವರು (೧೯೧೯–೨೦೦೮) ತಮಿಳಿಗೂ ಜಪಾನೀ ಭಾಷೆಗೂ ಸಂಬಂಧವಿದೆಯೆಂದು ಬಹುಕಾಲ ವಾದಿಸಿದರು. ಆದರೆ ಬಹುಮಂದಿ ಭಾಷಾಶಾಸ್ತ್ರಜ್ಞರು ಅದನ್ನು ಒಪ್ಪಲಿಲ್ಲ. ಕ್ರಿಯಾಪದವು ಕೊನೆಗೆ ಬರುವ ಭಾಷೆಗಳಲ್ಲಿ ಉಳಿದ ಲಕ್ಷಣಗಳೂ ಅನೇಕವಾಗಿ ಹೀಗೆಯೇ ಇರುತ್ತವೆ. ತುರ್ಕಿ, ಕೊರಿಯಾ ದೇಶಗಳ ಭಾಷೆಗಳಲ್ಲಿಯೂ ಇದನ್ನು ಕಾಣಬಹುದು. ಮುಖಸಾದೃಶ್ಯದಿಂದ ರಕ್ತಸಂಬಂಧವನ್ನು ಸಾಧಿಸಲಾಗದು. ವಿಶ್ವವಿದ್ಯಾನಿಲಯದ ವ್ಯಾಸಂಗವು ಕಲಿಸುವ ಮೊದಲನೆಯ ಸಂಯಮವೇ ಇದು. ಸಂಬಂಧವಿಲ್ಲದಿದ್ದರೂ ಸಾದೃಶ್ಯದ ಪ್ರಯೋಜನವಂತೂ ನಮ್ಮ ಕೈಬಿಡುವುದಿಲ್ಲ. ನಮ್ಮ ವಿದ್ಯಾರ್ಥಿಗಳು ಜಪಾನೀ ಭಾಷೆಯನ್ನು ಇಂಗ್ಲಿಷ್ ಪುಸ್ತಕಗಳಿಂದ ಕಲಿಯುತ್ತಾರೆ. ಇಂಗ್ಲಿಷಿನವನಿಗೆ ವಿಚಿತ್ರವಾಗಿ ಕಂಡುದನ್ನು ತಾವೂ ವಿಚಿತ್ರವೆಂದೇ ನಂಬಿ, ತಮ್ಮ ಮಾತೃಭಾಷೆಯಲ್ಲಿ ಸಿದ್ಧವಾಗಿರುವ ಮಾರ್ಗವನ್ನು ಬಿಟ್ಟು, ಸುತ್ತುಬಳಸಿ ಹೋಗುತ್ತಾರೆ. ಕನ್ನಡದ ವ್ಯಾಕರಣವನ್ನು ಚೆನ್ನಾಗಿ ಓದಿದವನು ಕನ್ನಡದ ಮೂಲಕವಾಗಿಯೇ ಆ ಭಾಷೆಯನ್ನು ಪ್ರವೇಶಿಸಿದರೆ ದಾರಿಯು ಅರ್ಧ ಕಡಿಮೆಯಾಗುವುದೆಂದು ನನ್ನ ಅಭಿಪ್ರಾಯ.

ಸಾದೃಶ್ಯವು ಮುಗಿಯುವ ಸ್ಥಳವನ್ನೂ ಹೇಳಬೇಕು. ನಮ್ಮ ಕ್ರಿಯಾಪದವು ಬಂದವನು ಯಾರೆಂಬುದನ್ನು ತಾನೇ ತಿಳಿಸುತ್ತದೆ: ಬಂದೆನು, ಬಂದಳು, ಬಂದರು. ಜಪಾನೀ ಕ್ರಿಯಾಪದದಲ್ಲಿ ಲಿಂಗವಚನಪುರುಷಗಳ ಗುರುತು ಇಲ್ಲ. ಕರ್ತೃಪದವನ್ನೂ ಬಹಳ ಸಲ ಬಿಟ್ಟುಬಿಡುತ್ತಾರೆ. ಬಂದವರು ಯಾರೆಂಬುದನ್ನು ಗೌರವದ ಮಟ್ಟದಿಂದ ಊಹಿಸಬೇಕಾಗುತ್ತದೆ. ‘ತಿನ್ನು’ ಎಂಬ ಅರ್ಥಕ್ಕೆ ಸಾಮಾನ್ಯವಾಗಿ ‘ತಬೆರು’ ಎನ್ನುತ್ತಾರೆ; ಹಿರಿಯರು ತಿನ್ನುವುದಕ್ಕೆ ‘ಮೆಶಿಅಗರು’, ತಾನು ವಿನಯದಿಂದ ತಿನ್ನುವುದಕ್ಕೆ ‘ಇತದಕು’. ‘ಬಾ’ ಎನ್ನುವ ಬದಲು ‘ದಯಮಾಡಿಸಿ’, ‘ಚಿತ್ತೈಸಿ’ ಎಂದು ಹೇಳುವ ಸಂಪ್ರದಾಯವಿರುವ ನಮಗೆ ಇದರ ಸ್ವಾರಸ್ಯವು ತಿಳಿಯುತ್ತದೆ. ಆದರೂ ನಾವು ಎಡವುವ ಸ್ಥಳವೊಂದುಂಟು. ನಾವು ಪರರೊಡನೆ ಮಾತನಾಡುವಾಗಲೂ ‘ನಮ್ಮ ತಂದೆಯವರು ಹೊರಗೆ ಹೋಗಿದ್ದಾರೆ’ ಎಂದು ಬಹುವಚನದಿಂದ ಹೇಳುತ್ತೇವೆ; ಹಾಗೆ ಹೇಳದಿದ್ದರೆ ಅದು ಅಗೌರವ. ಜಪಾನೀಯನು ಪರರ ತಂದೆಯನ್ನು ‘ಒತೋಸನ್’ ಎಂದು ಗೌರವದಿಂದ ಕರೆದು, ತನ್ನ ತಂದೆಯನ್ನು ಪರರ ಮುಂದೆ ಬರಿಯ ‘ಚಿಚಿ’ ಎನ್ನುತ್ತಾನೆ. ಕಚೇರಿಗೆ ಬಂದ ಅತಿಥಿಯೊಡನೆ ತನ್ನ ಮೇಲಧಿಕಾರಿಯ ವಿಷಯವನ್ನು ಹೇಳುವಾಗಲೂ ಗೌರವಪ್ರತ್ಯಯವನ್ನು ಬಿಟ್ಟು ಹೆಸರನ್ನು ಹೇಳುತ್ತಾನೆ. ಅಲ್ಲಿ ಗೌರವವು ವಯಸ್ಸಿನಿಂದಲೂ ಪದವಿಯಿಂದಲೂ ಮಾತ್ರ ನಿರ್ಣಯವಾಗುವುದಿಲ್ಲ. ನಮ್ಮವರು, ಹೊರಗಿನವರು ಎಂಬ ಗೆರೆಯಿಂದಲೂ ನಿರ್ಣಯವಾಗುತ್ತದೆ. ನಮ್ಮವರೆಲ್ಲರೂ ಸೇರಿ ಹೊರಗಿನವರ ಮುಂದೆ ತಗ್ಗಬೇಕು. ಈ ಒಂದು ನಿಯಮದಲ್ಲಿ ಆ ಸಮಾಜದ ಸ್ವರೂಪವೇ ಅಡಗಿದೆ. ಭಾಷೆಯನ್ನು ಬಿಟ್ಟು ಸಂಸ್ಕೃತಿಯನ್ನು ಕಲಿಯಲಾಗದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. ಇಂಗ್ಲಿಷಿನ ಭಾಷಾಂತರದಲ್ಲಿ ಎರಡೂ ಎಡೆಗಳಲ್ಲಿ ‘ತಂದೆ’ ಎಂಬ ಒಂದೇ ಪದವು ನಿಲ್ಲುತ್ತದೆ, ಗೆರೆಯು ಅಳಿಸಿಹೋಗುತ್ತದೆ.

ಇದೇ ಕಾರಣದಿಂದ ವಿಶ್ವವಿದ್ಯಾನಿಲಯದ ಪಾಠಕ್ರಮವು ಮಾತುಕತೆಯಲ್ಲಿ ನಿಲ್ಲುವುದಿಲ್ಲ. ಆರಂಭದಲ್ಲಿ ಲಿಪಿ, ವ್ಯಾಕರಣ, ಸಂಭಾಷಣೆ. ಬಳಿಕ ವೃತ್ತಪತ್ರಿಕೆ, ಪ್ರಬಂಧ, ಕಥೆ. ಮುಂದುವರಿದವರಿಗೆ ಪ್ರಾಚೀನ ಜಪಾನೀ ಭಾಷೆ. ಪಂಪನನ್ನು ಓದುವುದಕ್ಕೆ ಇಂದಿನ ಕನ್ನಡವು ಸಾಲದಂತೆ, ಪ್ರಾಚೀನ ಕೃತಿಗಳನ್ನು ಓದುವುದಕ್ಕೆ ಇಂದಿನ ಜಪಾನೀ ಭಾಷೆಯು ಸಾಲದು. ಎಂಟನೆಯ ಶತಮಾನದಲ್ಲಿ ಸಂಕಲಿತವಾದ ‘ಮನ್ಯೋಷೂ’ ಎಂಬ ಸಂಗ್ರಹದಲ್ಲಿ ಸುಮಾರು ೪,೫೦೦ ಪದ್ಯಗಳಿವೆ. ಹನ್ನೊಂದನೆಯ ಶತಮಾನದ ಆದಿಭಾಗದಲ್ಲಿ ಮುರಸಕಿ ಶಿಕಿಬು ಎಂಬ ಅರಮನೆಯ ಸ್ತ್ರೀಯು ಬರೆದ ‘ಗೆಂಜಿ ಮೊನೊಗತರಿ’ ಎಂಬ ಕಥಾಗ್ರಂಥದಲ್ಲಿ ೫೪ ಅಧ್ಯಾಯಗಳಿವೆ. ಆ ಕಾಲದ ವಿದ್ಯಾವಂತ ಪುರುಷರು ಚೀನೀ ಭಾಷೆಯಲ್ಲಿ ಬರೆಯುವುದೇ ಪಾಂಡಿತ್ಯವೆಂದು ಎಣಿಸಿದ್ದರು. ಹಿರಗನ ಲಿಪಿಗೆ ‘ಹೆಣ್ಣು ಕೈಬರಹ’ ಎಂದು ಹೆಸರಿತ್ತು. ಆ ಕೈಬರಹದಲ್ಲಿ, ಮನೆಯ ಮಾತಿನಲ್ಲಿ ಬರೆದ ಸ್ತ್ರೀಯರ ಗ್ರಂಥಗಳೇ ಇಂದು ಆ ದೇಶದ ಕೀರ್ತಿಗೆ ಆಧಾರವಾಗಿವೆ. ಗೆಂಜಿಯಲ್ಲಿ ಪಾತ್ರಗಳಿಗೆ ಸ್ವಂತ ಹೆಸರುಗಳು ಅಪೂರ್ವ. ಪದವಿಯಿಂದಲೋ ವಾಸಸ್ಥಳದಿಂದಲೋ ಅವರನ್ನು ಗುರುತಿಸಬೇಕು. ಎಷ್ಟೋ ವಾಕ್ಯಗಳಿಗೆ ಕರ್ತೃವೇ ಇಲ್ಲ; ಕ್ರಿಯಾಪದದ ಗೌರವದ ಮಟ್ಟವನ್ನು ನೋಡಿ, ಮಾತನಾಡಿದವನು ರಾಜಪುತ್ರನೋ ಪರಿಚಾರಕನೋ ಎಂದು ತಿಳಿಯಬೇಕು. ಜಪಾನೀಯರೇ ಇದನ್ನು ಆಧುನಿಕ ಭಾಷೆಗೆ ತಿರುಗಿಸಿಕೊಂಡು ಓದುತ್ತಾರೆ. ಯೊಸನೊ ಅಕಿಕೊ ಎಂಬ ಕವಯಿತ್ರಿಯೂ, ತನಿಜಕಿ ಎಂಬ ಕಾದಂಬರಿಕಾರನೂ ಹೀಗೆ ಅನುವಾದ ಮಾಡಿದವರಲ್ಲಿ ಪ್ರಮುಖರು.

ಈ ಗ್ರಂಥವು ಒಬ್ಬ ವಿದ್ಯಾರ್ಥಿಯ ಜೀವನವನ್ನು ಹೇಗೆ ತಿರುಗಿಸಿತೆಂಬ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ನ್ಯೂಯಾರ್ಕ್ ನಗರದಲ್ಲಿ ೧೯೨೨ರಲ್ಲಿ ಹುಟ್ಟಿದ ಡೊನಾಲ್ಡ್ ಕೀನ್ ಎಂಬವರು ಹದಿನಾರನೆಯ ವಯಸ್ಸಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ೧೯೪೦ರಲ್ಲಿ, ಯೂರೋಪಿನ ಯುದ್ಧದ ವಾರ್ತೆಗಳಿಂದ ಮನಸ್ಸು ಕುಗ್ಗಿದ್ದಾಗ, ಅಂಗಡಿಯೊಂದರಲ್ಲಿ ಆರ್ಥರ್ ವೇಲಿಯವರ ಗೆಂಜಿ ಅನುವಾದವು ೪೯ ಸೆಂಟಿಗೆ ಮಾರಾಟಕ್ಕಿರುವುದನ್ನು ಕಂಡು, ಅಗ್ಗವೆಂಬ ಕಾರಣದಿಂದಲೇ ಅದನ್ನು ಕೊಂಡರು. ಖಡ್ಗವನ್ನು ಹೊಗಳದ, ಸೌಂದರ್ಯವನ್ನೂ ದುಃಖವನ್ನೂ ಬಲ್ಲ ಆ ಲೋಕವು ಅವರನ್ನು ಸೆರೆಹಿಡಿಯಿತು. ಮೂಲವನ್ನು ಓದಬೇಕೆಂಬ ಹಂಬಲವೂ ಬೆಳೆಯಿತು. ೧೯೪೧ರ ಶರತ್ಕಾಲದಲ್ಲಿ ರ್ಯೂಸಕು ತ್ಸುನೊದ ಎಂಬ ವೃದ್ಧ ಜಪಾನೀ ಉಪಾಧ್ಯಾಯರ ತರಗತಿಗೆ ಸೇರಿದರು. ಎರಡು ದೇಶಗಳ ನಡುವೆ ವೈಮನಸ್ಯವು ಬೆಳೆಯುತ್ತಿದ್ದ ಕಾಲವದು. ತರಗತಿಗೆ ಬಂದ ವಿದ್ಯಾರ್ಥಿ ಇವರೊಬ್ಬರೇ. ಒಬ್ಬನಿಗಾಗಿ ತಾವು ಶ್ರಮಪಡಬೇಕಾಗಿಲ್ಲವೆಂದು ಶಿಷ್ಯನು ಹೇಳಲು, ಒಬ್ಬನಿದ್ದರೆ ಸಾಕೆಂದು ಗುರುಗಳು ಉತ್ತರಕೊಟ್ಟರಂತೆ. ಆ ಒಬ್ಬ ವಿದ್ಯಾರ್ಥಿಗಾಗಿ ಅವರು ಹಲಗೆಯ ತುಂಬ ಬರೆಯುತ್ತಿದ್ದರು. ಪುಸ್ತಕಗಳ ಹೊರೆಯನ್ನೇ ಹೊತ್ತು ತರುತ್ತಿದ್ದರು.

ಅದೇ ವರ್ಷದ ಡಿಸೆಂಬರಿನಲ್ಲಿ ಯುದ್ಧವು ಆರಂಭವಾಯಿತು. ಕೀನರು ೧೯೪೨ರ ಆದಿಯಲ್ಲಿ ನೌಕಾದಳದ ಭಾಷಾಶಾಲೆಯನ್ನು ಸೇರಿ, ಹನ್ನೊಂದು ತಿಂಗಳ ಕಠಿನ ಅಭ್ಯಾಸದ ಬಳಿಕ, ರಣರಂಗದಲ್ಲಿ ದೊರೆತ ಕಾಗದಪತ್ರಗಳನ್ನು ಓದುವ ಕೆಲಸಕ್ಕೆ ನಿಯಮಿತರಾದರು. ಆ ಕಾಗದಗಳ ನಡುವೆ ಸತ್ತ ಜಪಾನೀ ಸೈನಿಕರ ದಿನಚರಿಗಳಿದ್ದುವು. ಕೆಲವು ರಕ್ತದ ಕಲೆಗಳಿಂದ ಕೂಡಿದ್ದುವು. ಕೆಲವುಗಳ ಕೊನೆಯ ಪುಟದಲ್ಲಿ, ಯುದ್ಧವು ಮುಗಿದಮೇಲೆ ಇದನ್ನು ನಮ್ಮ ಮನೆಯವರಿಗೆ ತಲಪಿಸಿರೆಂದು ಇಂಗ್ಲಿಷಿನಲ್ಲಿ ಬರೆದ ಪ್ರಾರ್ಥನೆಯಿತ್ತು. ಅವುಗಳನ್ನು ತಲಪಿಸಬೇಕೆಂದು ಅವರು ಬಚ್ಚಿಟ್ಟುಕೊಂಡರು; ಮೇಲಿನವರು ಅವನ್ನು ಕಿತ್ತುಕೊಂಡರು. ತಾವು ನಿಜವಾಗಿ ಅರಿತ ಮೊದಲ ಜಪಾನೀಯರು ಈ ಮೃತರೇ ಎಂಬ ಭಾವವನ್ನು ಕೀನರು ಮುಂದೆ ಬರೆದಿದ್ದಾರೆ. ಅವರು ೧೯೫೩ರಲ್ಲಿ ಕ್ಯೋತೋ ನಗರಕ್ಕೆ ಹೋಗಿ ವ್ಯಾಸಂಗವನ್ನು ಮುಂದುವರಿಸಿ, ಬಳಿಕ ಕೊಲಂಬಿಯಾದಲ್ಲಿ ಅರ್ಧ ಶತಮಾನಕ್ಕೂ ಮೀರಿ ಬೋಧಿಸಿ, ಜಪಾನೀ ಸಾಹಿತ್ಯದ ಚರಿತ್ರೆಯನ್ನು ಬರೆದರು. ೨೦೧೧ರಲ್ಲಿ ಭೂಕಂಪವೂ ಸಮುದ್ರದ ಉಬ್ಬರವೂ ಜಪಾನನ್ನು ಹಾಳುಗೆಡವಿ, ಪರದೇಶೀಯರು ಆ ದೇಶವನ್ನು ಬಿಟ್ಟು ಹೋಗುತ್ತಿದ್ದಾಗ, ಈ ಮುದುಕರು ಅಲ್ಲಿಗೆ ಹೋಗಿ ನೆಲಸುವ ನಿರ್ಧಾರವನ್ನು ಪ್ರಕಟಿಸಿದರು; ೨೦೧೨ರಲ್ಲಿ ಅಲ್ಲಿಯ ಪ್ರಜೆಯಾದರು; ೨೦೧೯ರಲ್ಲಿ ಅಲ್ಲಿಯೇ ತೀರಿಕೊಂಡರು. ಶತ್ರುವಿನ ರಹಸ್ಯವನ್ನು ತಿಳಿಯಲೆಂದು ಸರಕಾರವು ಕಲಿಸಿದ ಭಾಷೆಯು, ಶತ್ರುವೆಂಬ ಭಾವನೆಯನ್ನೇ ಕಳೆಯಿತು.

ಪರಭಾಷೆಯನ್ನು ಕಲಿಯುವ ತಪಸ್ಸಿನ ಪಾಠವನ್ನು ಜಪಾನೀಯರಿಂದಲೇ ಕಲಿಯಬಹುದು. ೧೭೭೧ರಲ್ಲಿ ಸುಗಿತ ಗೆನ್‌ಪಕು, ಮಯೆನೊ ರ್ಯೋತಕು ಮುಂತಾದ ವೈದ್ಯರು ಎದೊ ನಗರದಲ್ಲಿ ಶವಚ್ಛೇದನವನ್ನು ನೋಡಿ, ತಮ್ಮ ಕೈಯಲ್ಲಿದ್ದ ಡಚ್ ಭಾಷೆಯ ಶಾರೀರಗ್ರಂಥದ ಚಿತ್ರಗಳು ಸತ್ಯವೆಂದೂ, ಪರಂಪರೆಯಿಂದ ಬಂದ ಗ್ರಂಥಗಳು ತಪ್ಪೆಂದೂ ಕಂಡುಕೊಂಡರು. ಅದನ್ನು ಭಾಷಾಂತರಿಸಬೇಕೆಂದು ಆಗಲೇ ನಿಶ್ಚಯಿಸಿದರು. ಅವರಲ್ಲಿ ಡಚ್ ಭಾಷೆಯ ಅಲ್ಪಸ್ವಲ್ಪ ಶಬ್ದಗಳನ್ನು ಬಲ್ಲವನು ಒಬ್ಬನೇ. ಸರಿಯಾದ ನಿಘಂಟು ಇಲ್ಲ. ಹುಬ್ಬೆಂದರೆ ಕಣ್ಣಿನ ಮೇಲೆ ಬೆಳೆಯುವ ಕೂದಲೆಂಬಂಥ ಸರಳವಾದ ವಾಕ್ಯವನ್ನು ಬಿಡಿಸುವುದಕ್ಕೆ ವಸಂತಕಾಲದ ನಿಡಿದಾದ ಹಗಲೊಂದು ಸಾಲದಾಗುತ್ತಿತ್ತೆಂದು ಗೆನ್‌ಪಕುವು ತನ್ನ ಮುಪ್ಪಿನಲ್ಲಿ ನೆನೆದುಕೊಂಡಿದ್ದಾನೆ. ಆದರೂ ೧೭೭೪ರಲ್ಲಿ ಗ್ರಂಥವು ಪ್ರಕಟವಾಯಿತು. ಮುಂದೆ ಫುಕುಜವ ಯುಕಿಚಿ ಎಂಬವನು ವರ್ಷಗಟ್ಟಲೆ ಡಚ್ ಭಾಷೆಯನ್ನು ಕಲಿತು, ೧೮೫೯ರಲ್ಲಿ ಯೊಕೊಹಾಮ ಬಂದರಿಗೆ ಹೋದಾಗ, ಅಲ್ಲಿಯ ಅಂಗಡಿಯ ಹಲಗೆಗಳನ್ನು ಓದಲಾರದೆ ಹೋದನು. ಅಲ್ಲಿ ವ್ಯವಹಾರದ ಭಾಷೆಯು ಇಂಗ್ಲಿಷಾಗಿತ್ತು. ಎದೆಗುಂದಿದರೂ ಅವನು ಮರುದಿನವೇ ಇಂಗ್ಲಿಷನ್ನು ಕಲಿಯಲು ನಿಶ್ಚಯಿಸಿದನು. ಕೇಯೋ ವಿಶ್ವವಿದ್ಯಾನಿಲಯವು ಅವನ ಶಾಲೆಯಿಂದಲೇ ಬೆಳೆದುದು. ಹೀಗೆ ಕಲಿತ ವಿದ್ಯೆಯನ್ನು ಅವರು ಪರಭಾಷೆಯಲ್ಲಿಯೇ ಬಿಡಲಿಲ್ಲವೆಂಬುದು ಮುಖ್ಯ. ತತ್ತ್ವಶಾಸ್ತ್ರ, ವಿಜ್ಞಾನ, ಸಮಾಜ ಎಂಬ ಅರ್ಥಗಳಿಗೆ ಚೀನೀ ಧಾತುಗಳಿಂದ ಹೊಸ ಪದಗಳನ್ನು ರೂಢಿಗೆ ತಂದರು. ಚೀನಾ ಕೊರಿಯಾ ದೇಶಗಳೂ ಅವನ್ನು ಎತ್ತಿಕೊಂಡುವು. ೧೮೭೭ರಲ್ಲಿ ಸ್ಥಾಪಿತವಾದ ತೋಕ್ಯೋ ವಿಶ್ವವಿದ್ಯಾನಿಲಯದಲ್ಲಿ ಮೊದಮೊದಲು ಪಾಶ್ಚಾತ್ಯ ಅಧ್ಯಾಪಕರು ತಮ್ಮ ಭಾಷೆಗಳಲ್ಲಿ ಬೋಧಿಸುತ್ತಿದ್ದರು. ಕ್ರಮೇಣ ವೈದ್ಯಶಾಸ್ತ್ರವೂ ಯಂತ್ರಶಾಸ್ತ್ರವೂ ದೇಶಭಾಷೆಗೆ ಬಂದುವು. ಸರ್ ಎಂ. ವಿಶ್ವೇಶ್ವರಯ್ಯನವರು ೧೮೯೮ರಲ್ಲಿ ಜಪಾನಿಗೆ ಹೋಗಿ ಬಂದವರು. ಅಲ್ಲಿಯ ವಿದ್ಯಾಭ್ಯಾಸವೂ ಕೈಗಾರಿಕೆಯೂ ಅವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತವು.

ನಮ್ಮ ದೇಶಕ್ಕೂ ಜಪಾನಿಗೂ ಇರುವ ಸಂಬಂಧವು ಹಳೆಯದು. ದಕ್ಷಿಣ ಭಾರತದವನೆಂದು ಹೇಳಲಾಗುವ ಬೋಧಿಸೇನನೆಂಬ ಭಿಕ್ಷುವು ೭೩೬ರಲ್ಲಿ ಜಪಾನಿಗೆ ಹೋದನು; ೭೫೨ರಲ್ಲಿ ನಾರ ನಗರದ ಮಹಾಬುದ್ಧವಿಗ್ರಹಕ್ಕೆ ನೇತ್ರೋನ್ಮೀಲನವನ್ನು ಮಾಡಿದವನು ಅವನೇ. ನಮ್ಮ ಸರಸ್ವತಿಯು ಅಲ್ಲಿ ಬೆಂಜಯ್‌ತೆನ್ ಎಂಬ ಹೆಸರಿನಿಂದ ವೀಣೆಯಂಥ ವಾದ್ಯವನ್ನು ಹಿಡಿದು ಪೂಜೆಗೊಳ್ಳುತ್ತಾಳೆ; ‘ಧ್ಯಾನ’ವು ಚೀನಾದ ಮಾರ್ಗವಾಗಿ ಹೋಗಿ ‘ಜೆನ್’ ಆಯಿತು. ಜಪಾನಿನವರು ನಮ್ಮನ್ನು ತಿಳಿಯುವುದಕ್ಕೆ ಪಟ್ಟ ಶ್ರಮವೂ ಅಲ್ಪವಲ್ಲ. ನಂಜೋ ಬುನ್ಯೂ ಎಂಬವರು ಆಕ್ಸ್‌ಫರ್ಡಿನಲ್ಲಿ ಮ್ಯಾಕ್ಸ್‌ಮುಲ್ಲರರ ಬಳಿ ಸಂಸ್ಕೃತವನ್ನು ಓದಿ ೧೮೮೪ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಅದನ್ನು ಬೋಧಿಸಿದರು. ಸಂಸ್ಕೃತದ ಮೂಲವು ನಷ್ಟವಾಗಿ ಚೀನೀ ಅನುವಾದದಲ್ಲಿ ಮಾತ್ರ ಉಳಿದಿರುವ ಬೌದ್ಧಗ್ರಂಥಗಳು ಅನೇಕ. ಅವುಗಳನ್ನು ತಕಕುಸು ಮೊದಲಾದ ಪಂಡಿತರು ೧೯೨೪ರಿಂದ ೧೯೩೪ರವರೆಗೆ ಬೃಹತ್ಸಂಪುಟಗಳಾಗಿ ಅಚ್ಚುಹಾಕಿಸಿದರು. ನಮ್ಮ ಪೂರ್ವಿಕರ ವಿಚಾರಗಳ ಒಂದು ಭಾಗವನ್ನು ತಿಳಿಯಬೇಕಾದರೆ ಜಪಾನಿನ ವಿದ್ವಾಂಸರ ಬರಹವನ್ನು ಓದದೆ ವಿಧಿಯಿಲ್ಲ; ಆ ಬರಹವೆಲ್ಲವೂ ಇಂಗ್ಲಿಷಿಗೆ ಬಂದಿಲ್ಲ.

ವ್ಯಾಸಂಗದ ಸೌಕರ್ಯಗಳೂ ನಮ್ಮಲ್ಲಿ ಉಂಟು. ದೆಹಲಿ ವಿಶ್ವವಿದ್ಯಾನಿಲಯ, ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯ, ಹೈದರಾಬಾದಿನ ಭಾಷಾ ವಿಶ್ವವಿದ್ಯಾನಿಲಯ, ಇವುಗಳಲ್ಲಿ ಜಪಾನೀ ಭಾಷೆಯನ್ನು ಬೋಧಿಸುತ್ತಾರೆ. ೧೯೧೬ರಲ್ಲಿ ಜಪಾನಿಗೆ ಹೋಗಿದ್ದ ರವೀಂದ್ರರು ಸ್ಥಾಪಿಸಿದ ವಿಶ್ವಭಾರತಿಯಲ್ಲಿ ೧೯೯೪ರಿಂದ ನಿಪ್ಪೊನ್ ಭವನವು ನಡೆಯುತ್ತಿದೆ. ಭಾಷೆಯ ಪ್ರಾವೀಣ್ಯಕ್ಕೆ ೧೯೮೪ರಲ್ಲಿ ಆರಂಭವಾ‌ದ ಪರೀಕ್ಷೆಯು ೨೦೧೦ರಿಂದ ಐದು ಮೆಟ್ಟಿಲುಗಳಲ್ಲಿ ನಡೆಯುತ್ತದೆ. ಆದರೆ ಸಮಯದ ವಿಷಯದಲ್ಲಿ ವಿದ್ಯಾರ್ಥಿಯು ಭ್ರಮೆಪಡಬಾರದು. ಇಂಗ್ಲಿಷ್ ಮಾತೃಭಾಷೆಯಾದವರಿಗೆ ಜಪಾನೀ ಭಾಷೆಯಲ್ಲಿ ಕಾರ್ಯಸಾಮರ್ಥ್ಯವು ಬರುವುದಕ್ಕೆ ಸುಮಾರು ೨,೨೦೦ ಗಂಟೆಗಳ ಪಾಠ ಬೇಕೆಂದು ಅಮೆರಿಕ ಸರಕಾರದ ರಾಯಭಾರ ಶಿಕ್ಷಣ ಸಂಸ್ಥೆಯು ಲೆಕ್ಕಹಾಕಿದೆ. ವಾಕ್ಯರಚನೆಯಲ್ಲಿ ಕನ್ನಡಿಗನಿಗೆ ಉಳಿತಾಯವುಂಟು. ಕಂಜಿಯಲ್ಲಿ ಯಾರಿಗೂ ಉಳಿತಾಯವಿಲ್ಲ. ದಿನಕ್ಕೆ ಐದಾರು ಚಿಹ್ನೆಗಳಂತೆ ಕೈಯಿಂದ ಬರೆದು, ನಿನ್ನೆಯದನ್ನು ಇಂದು, ಇಂದಿನದನ್ನು ವಾರದ ಕೊನೆಗೆ ತಿರುವಿಹಾಕುವುದೊಂದೇ ದಾರಿ. ಕ್ರಮವನ್ನು ತಪ್ಪಿಸದಿದ್ದರೆ ಎರಡು ವರ್ಷಗಳಲ್ಲಿ ಅಷ್ಟೂ ಚಿಹ್ನೆಗಳ ಪರಿಚಯವಾಗುತ್ತದೆ.

ಆದುದರಿಂದ ಹಿರಿಯರ ಎರಡನೆಯ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರವಿದು. ಭಾಷಾಂತರವು ಒಂದು ಜನಾಂಗವು ಹೇಳಿದುದನ್ನು ನಮಗೆ ತಿಳಿಸುತ್ತದೆ. ಅವರು ಯಾರ ಮುಂದೆ ತಗ್ಗಿದರು, ಯಾರನ್ನು ತಮ್ಮವರೆಂದುಕೊಂಡರು, ಯಾವುದನ್ನು ಬಾಯಿಬಿಟ್ಟು ಹೇಳದೆ ಉಳಿಸಿದರು ಎಂಬುದು ಮೂಲದಲ್ಲಿಯೇ ಉಳಿಯುತ್ತದೆ. ಎರಡು ಏಷ್ಯಾ ದೇಶಗಳ ಜನರು ಒಬ್ಬರನ್ನೊಬ್ಬರು ಮೂರನೆಯವರ ಮಾತಿನಿಂದಲೇ ಅರಿಯಬೇಕಾಗಿರುವ ಸ್ಥಿತಿಯು ಶ್ಲಾಘ್ಯವಲ್ಲ. ಗೆಂಜಿಯನ್ನು ಮೂಲದಿಂದಲೇ ಕನ್ನಡಿಸಬಲ್ಲವರು ನಮ್ಮ ವಿಶ್ವವಿದ್ಯಾನಿಲಯಗಳಿಂದ ಹೊರಬರಲಿ. ಅಂಥ ತರಗತಿಗೆ ಆರಂಭದಲ್ಲಿ ಎಷ್ಟು ಮಂದಿ ಬಂದಾರೆಂದು ಕೇಳುವವರಿಗೆ ತ್ಸುನೊದ ಗುರುಗಳ ಉತ್ತರವಿದೆ: ಒಬ್ಬನಿದ್ದರೆ ಸಾಕು.